ಕಿಲೋಮೀಟರ್ ನೋಡಿ ಟಿಕೆಟ್ ತಗೋಬೇಡಿ: ಎರಡು ನಗರಗಳ ನಡುವಿನ ದೂರ ಮತ್ತು ಹಾರಾಟದ ಸಮಯ ಹೋಲಿಸುವುದು ಹೇಗೆ

ಎರಡು ನಗರಗಳ ಹೆಸರು ಹಾಕಿ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಅಂತ ಹುಡುಕಿದರೆ ಕ್ಷಣದಲ್ಲೇ ಎರಡು ಅಂಕಿ ಬರುತ್ತವೆ. ಇಷ್ಟು ಕಿಲೋಮೀಟರ್, ಇಷ್ಟು ಗಂಟೆ. ತುಂಬಾ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆಮೇಲೆ ಟಿಕೆಟ್ ನೋಡಿದಾಗ ಅದರಲ್ಲಿ ಬೇರೆಯದೇ ಸಮಯ ಇರುತ್ತದೆ, ಹೋಗುವಾಗ ಒಂದು ಬರುವಾಗ ಇನ್ನೊಂದು ಇರುತ್ತದೆ, ನೇರ ವಿಮಾನಕ್ಕೂ ನಡುವೆ ಇಳಿದು ಹೋಗುವ ವಿಮಾನಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗದೆ ಕೊನೆಗೆ ಯಾವುದೋ ಒಂದನ್ನು ಒತ್ತಿಬಿಡುತ್ತಾರೆ.

ನಾನು ಹೇಳುವುದು ಇಷ್ಟು. ದೂರದ ಅಂಕಿಯನ್ನು ಆಯ್ಕೆ ಮಾಡಲು ಬಳಸಬೇಡಿ, ಎದುರಿಗಿರುವ ಆಯ್ಕೆ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಲು ಬಳಸಿ. ಆಯ್ಕೆಗೆ ಬೇಕಾದದ್ದು ಮನೆ ಬಿಟ್ಟ ಹೊತ್ತಿನಿಂದ ಹೋಗಬೇಕಾದ ಜಾಗ ಮುಟ್ಟುವ ತನಕದ ಒಟ್ಟು ಗಂಟೆ. ಅದರ ಜೊತೆಗೆ ಆ ಗಂಟೆಗಳು ಎಂಥವು ಅನ್ನುವುದೂ ಬೇಕು. ಕೂತು ನಿದ್ದೆ ಮಾಡಬಹುದಾದ ಒಂದು ಗಂಟೆಯೂ, ಬ್ಯಾಗ್ ಎಳೆದುಕೊಂಡು ಸಾಲಿನಲ್ಲಿ ನಿಲ್ಲುವ ಒಂದು ಗಂಟೆಯೂ ಒಂದೇ ಅಲ್ಲ, ಅಲ್ವಾ?

ಮೊದಲು ದೂರ. ಆದರೆ ಯಾವ ದೂರ?

ಅರ್ಜೆಂಟೀನಾದ ಬ್ಯೂನಸ್ ಐರಿಸ್ ಮತ್ತು ಉರುಗ್ವೆಯ ಮಾಂಟೆವಿಡಿಯೊ ನಗರಗಳನ್ನು ನೋಡಿ. ಎರಡೂ ರಿಯೊ ಡಿ ಲಾ ಪ್ಲಾಟಾ ಅನ್ನುವ ಅಗಲವಾದ ನದೀಮುಖದ ಎದುರುಬದುರು ದಡಗಳಲ್ಲಿವೆ. ಮೇಲಿಂದ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ಕಾರಿನಲ್ಲಿ ಹೋದರೆ ನೀರು ಬಳಸಿಕೊಂಡು, ಸೇತುವೆ ಇರುವ ಕಡೆ ನದಿ ದಾಟಿ, 600 ಕಿ.ಮೀ. ಹತ್ತಿರ ಆಗುತ್ತದೆ. ವಿಮಾನಕ್ಕೆ ಮುಕ್ಕಾಲು ಗಂಟೆ ಸಾಕು. ವೇಗದ ಫೆರ್ರಿ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ತಗೊಳ್ಳುತ್ತದೆ, ಆದರೆ ನಗರದ ಮಧ್ಯದಿಂದಲೇ ಹೊರಟು ನಗರದ ಮಧ್ಯಕ್ಕೇ ತಲುಪಿಸುತ್ತದೆ. ಇಲ್ಲಿ ದೂರ ಎಷ್ಟು ಅನ್ನುವ ಪ್ರಶ್ನೆಗೆ 200 ಅಂದರೂ ಸರಿ, 600 ಅಂದರೂ ಸರಿ. ಯಾವುದರಲ್ಲಿ ಹೋಗುತ್ತೀರಿ ಅಂತ ಹೇಳದೆ ಆ ಅಂಕಿಗೆ ಅರ್ಥವೇ ಇಲ್ಲ.

ವಿಮಾನದ ಲೆಕ್ಕಕ್ಕೆ ಬಳಸುವುದು ಭೂಮಿಯ ಮೈ ಮೇಲಿನ ಅತಿ ಚಿಕ್ಕ ದಾರಿಯನ್ನು. ಇದಕ್ಕೆ ಗ್ರೇಟ್ ಸರ್ಕಲ್ ದೂರ ಅನ್ನುತ್ತಾರೆ. ಗ್ಲೋಬ್ ಮೇಲೆ ಎರಡು ಊರಿಗೂ ಒಂದು ದಾರ ಹಿಡಿದು ಬಿಗಿಯಾಗಿ ಎಳೆದರೆ ಅದು ಎಲ್ಲಿ ಕೂರುತ್ತದೋ ಅದೇ ಆ ದಾರಿ. ಗೋಡೆಗೆ ಹಾಕುವ ಚಪ್ಪಟೆ ಭೂಪಟದಲ್ಲಿ ಅದು ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್ ಎರಡೂ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ಆದರೂ ನಡುವಿನ ವಿಮಾನ ಅದೇ ಅಕ್ಷಾಂಶ ಹಿಡಿದು ಪೂರ್ವಕ್ಕೆ ಹೋಗುವುದಿಲ್ಲ, ಉತ್ತರಕ್ಕೆ ಬಾಗಿ ಹೋಗುತ್ತದೆ, ಯಾಕೆಂದರೆ ಆ ಬಾಗಿದ ದಾರಿಯೇ ನೂರಕ್ಕೂ ಹೆಚ್ಚು ಕಿಲೋಮೀಟರ್ ಉಳಿಸುತ್ತದೆ. ನ್ಯೂಯಾರ್ಕಿನಿಂದ ಟೋಕಿಯೊಗೆ ಅತಿ ಹತ್ತಿರದ ದಾರಿ ಅಲಾಸ್ಕಾ ಮೇಲೆ ಹೋಗುತ್ತದೆ ಅಂದರೆ ಭೂಪಟ ನೋಡಿ ಬೆಳೆದ ಕಣ್ಣಿಗೆ ನಂಬಿಕೆ ಬರುವುದಿಲ್ಲ, ಆದರೆ ಗ್ಲೋಬ್ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಲೋಕದ ಯಾವ ಎರಡು ಊರನ್ನು ತಗೊಂಡರೂ ನಡುವಿನ ನೇರ ದೂರ ಸುಮಾರು 20,000 ಕಿ.ಮೀ. ಮೀರುವುದಿಲ್ಲ. ಯಾವುದಾದರೂ ಟಿಕೆಟಿನ ಒಟ್ಟು ದೂರ ಅದಕ್ಕಿಂತ ಜಾಸ್ತಿ ತೋರಿಸಿದರೆ ನಿಮ್ಮನ್ನು ಸುಮ್ನೆ ಸುತ್ತಿಸುತ್ತಿದ್ದಾರೆ ಅಂತಲೇ ಅರ್ಥ.

ಟಿಕೆಟ್ಟಿನ ಗಂಟೆ, ಆಕಾಶದ ಗಂಟೆ

ಹುಡುಕಿದಾಗ ಸಿಗುವ ಹಾರಾಟದ ಸಮಯ ಬಹಳ ಸಲ ಬರೀ ಗಣಿತ. ದೂರವನ್ನು ಒಂದು ವೇಗದಿಂದ ಭಾಗಿಸಿ ಕೊಟ್ಟಿರುತ್ತಾರೆ. ಟಿಕೆಟ್ಟಿನಲ್ಲಿರುವುದು ಬೇರೆ. ವಿಮಾನ ಗೇಟ್ ಬಿಟ್ಟು ಕದಲಿದ ಹೊತ್ತಿನಿಂದ ಇನ್ನೊಂದು ಕಡೆ ಗೇಟಿಗೆ ಬಂದು ನಿಲ್ಲುವ ತನಕದ ಸಮಯ ಅದು. ರನ್‌ವೇ ತನಕ ನಿಧಾನವಾಗಿ ಉರುಳಿಕೊಂಡು ಹೋಗುವುದು, ಮುಂದಿರುವ ವಿಮಾನಗಳು ಏರಲಿ ಅಂತ ಕಾಯುವುದು, ಇಳಿದ ಮೇಲೆ ಮತ್ತೆ ಗೇಟ್ ಹುಡುಕಿಕೊಂಡು ಹೋಗುವುದು, ಎಲ್ಲಾ ಇದರಲ್ಲೇ ಸೇರಿದೆ. ದಟ್ಟಣೆ ಇರುವ ದೊಡ್ಡ ಏರ್‌ಪೋರ್ಟಿನಲ್ಲಿ ಇದಕ್ಕೇ ಅರ್ಧ ಗಂಟೆ ಹೋಗಬಹುದು. ಅದರ ಮೇಲೆ ಕಂಪನಿಗಳು ಸಮಯಕ್ಕೆ ಸರಿಯಾಗಿ ತಲುಪಿದೆವು ಅಂತ ಹೇಳಿಕೊಳ್ಳಲು ಸ್ವಲ್ಪ ಹೆಚ್ಚುವರಿ ನಿಮಿಷವನ್ನೂ ಸೇರಿಸಿಕೊಂಡಿರುತ್ತವೆ. ಸಾಮಾನ್ಯವಾಗಿ 15 ನಿಮಿಷದೊಳಗಿನ ತಡವನ್ನು ತಡ ಅಂತಲೇ ಲೆಕ್ಕ ಹಿಡಿಯುವುದಿಲ್ಲ.

ನೀವೇ ಅಂದಾಜು ಹಾಕಬೇಕಾದರೆ ಒಂದು ಸುಲಭ ಲೆಕ್ಕ ಇದೆ. ನೇರ ದೂರವನ್ನು 850ರಿಂದ ಭಾಗಿಸಿ, ಬಂದ ಗಂಟೆಗೆ ಮುಕ್ಕಾಲು ಗಂಟೆ ಸೇರಿಸಿ. ಸಿಡ್ನಿ–ಮೆಲ್ಬರ್ನ್ ಸುಮಾರು 700 ಕಿ.ಮೀ., ಲೆಕ್ಕ ಹಾಕಿದರೆ ಒಂದೂವರೆ ಗಂಟೆ ಚಿಲ್ಲರೆ ಬರುತ್ತದೆ, ಟಿಕೆಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಿಂಗಾಪುರ–ನ್ಯೂಯಾರ್ಕ್ 15,300 ಕಿ.ಮೀ. ಮೇಲೆ, ಲೆಕ್ಕದಲ್ಲಿ ಹದಿನೆಂಟು ಮುಕ್ಕಾಲು ಗಂಟೆ, ನಿಜಕ್ಕೂ ಹದಿನೆಂಟು ಗಂಟೆ ಮೀರುತ್ತದೆ. ಚಿಕ್ಕ ದೂರಕ್ಕೂ ದೊಡ್ಡ ದೂರಕ್ಕೂ ಈ ಅಂದಾಜು ನಡೆಯುತ್ತದೆ. ಇದರಿಂದ ಸಿಗುವ ಲಾಭ ಏನೆಂದರೆ, ಟಿಕೆಟ್ಟಿನಲ್ಲಿ ತೋರಿಸುವ ನೇರ ಹಾರಾಟ ನಿಮ್ಮ ಲೆಕ್ಕಕ್ಕಿಂತ ಒಂದು ಗಂಟೆಗೂ ಜಾಸ್ತಿ ಇದ್ದರೆ ಅದಕ್ಕೆ ಏನೋ ಕಾರಣ ಇದೆ ಅಂತ ಗೊತ್ತಾಗುತ್ತದೆ. ಎದುರು ಗಾಳಿ ಇರಬಹುದು, ಬಳಸು ದಾರಿ ಇರಬಹುದು. ಇಲ್ಲವೇ ಅದು ಒಂದೇ ಫ್ಲೈಟ್ ನಂಬರ್ ಇಟ್ಟುಕೊಂಡು ನಡುವೆ ಒಂದು ಕಡೆ ಇಳಿದು ಹೋಗುವ ವಿಮಾನ ಇರಬಹುದು. ಈ ಕೊನೆಯದನ್ನು ಮಾತ್ರ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಚಿಕ್ಕ ದೂರದಲ್ಲಿ ಫ್ಯಾನ್ ಇರುವ ವಿಮಾನವಾ ಜೆಟ್ಟಾ ಅಂತ ಯೋಚಿಸುವವರಿಗೆ ಒಂದು ಮಾತು. ಎಟಿಆರ್ 72 ತರಹದ ಟರ್ಬೊಪ್ರಾಪ್ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ, ಜೆಟ್ 800 ದಾಟುತ್ತದೆ. ಕೇಳಲು ದೊಡ್ಡ ವ್ಯತ್ಯಾಸ. ಆದರೆ 300 ಕಿ.ಮೀ. ಪ್ರಯಾಣದಲ್ಲಿ ಏರುವುದು ಇಳಿಯುವುದರಲ್ಲೇ ಅರ್ಧ ಸಮಯ ಹೋಗುವುದರಿಂದ ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಉಳಿಯುವುದಿಲ್ಲ. ಅಂಥ ಕಡೆ ಹೊರಡುವ ಹೊತ್ತು ನೋಡಿ ಟಿಕೆಟ್ ತಗೊಳ್ಳಿ, ವಿಮಾನದ ಜಾತಿ ನೋಡಬೇಡಿ.

ಗಾಳಿ ಇದೆಯಲ್ಲ, ಅದು ದೂರವನ್ನೇ ಸೋಲಿಸುತ್ತದೆ

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ದೊಡ್ಡ ವಿಮಾನಗಳು ಹಾರುವ 10–12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅಂತ ಹೆಸರು. ಗಂಟೆಗೆ 150–200 ಕಿ.ಮೀ. ವೇಗ ಅಲ್ಲಿ ಮಾಮೂಲು, ಚಳಿಗಾಲದಲ್ಲಿ ಅದಕ್ಕಿಂತ ಎಷ್ಟೋ ಜೋರಾಗುತ್ತದೆ. ವಿಮಾನ ಗಾಳಿಯೊಳಗೆ ಹಾರುವುದು, ಹಾಗಾಗಿ ಗಾಳಿ ಎತ್ತ ಹೋಗುತ್ತದೋ ಅದರ ಲಾಭ ನಷ್ಟ ಪೂರ್ತಿ ವಿಮಾನಕ್ಕೇ.

ಲಂಡನ್–ನ್ಯೂಯಾರ್ಕ್ ದೂರ ಎರಡೂ ಕಡೆಯಿಂದ ಒಂದೇ, ಸುಮಾರು 5,550 ಕಿ.ಮೀ. ಆದರೆ ಲಂಡನ್ನಿನಿಂದ ಪಶ್ಚಿಮಕ್ಕೆ ಹೋಗುವಾಗ ಸುಮಾರು ಎಂಟು ಗಂಟೆ, ವಾಪಸ್ ಬರುವಾಗ ಏಳು. 2020ರ ಫೆಬ್ರವರಿಯಲ್ಲಿ ಕಿಯಾರಾ ಅನ್ನುವ ಬಿರುಗಾಳಿ ಬೀಸುತ್ತಿದ್ದ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೂ ಅದು ಶಬ್ದದ ವೇಗ ಮೀರಲಿಲ್ಲ, ಯಾಕೆಂದರೆ ಸುತ್ತಲಿನ ಗಾಳಿಯೇ ಅದರ ಜೊತೆ ಓಡುತ್ತಿತ್ತು. ಅದೇ ದಾರಿಯಲ್ಲಿ ನಿಜವಾಗಿಯೂ ಶಬ್ದದ ವೇಗ ಮೀರಿ ಹಾರುತ್ತಿದ್ದ ಕಾಂಕಾರ್ಡ್ 1996ರಲ್ಲಿ ಮೂರು ಗಂಟೆಯೊಳಗೇ ತಲುಪಿತ್ತು.

ಇನ್ನೂ ಚೆನ್ನಾದ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಈ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಹಾರಿಸಿತು. ದೂರ ಸುಮಾರು 1,400 ಕಿ.ಮೀ. ಜಾಸ್ತಿಯಾಗಿ 15,300 ಕಿ.ಮೀ. ಮುಟ್ಟಿತು. ಆದರೆ ಗಾಳಿ ಬೆನ್ನಿಗಿತ್ತು. ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಹಳೆ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ, ತಲುಪಿಬಿಟ್ಟಿತು. ದೂರ ಕಮ್ಮಿ ಇರುವ ದಾರಿಯೇ ಬೇಗ ತಲುಪಿಸುತ್ತದೆ ಅನ್ನುವ ನಂಬಿಕೆ ಎಷ್ಟು ಸುಲಭವಾಗಿ ಬೀಳುತ್ತದೆ ನೋಡಿ.

ಉತ್ತರ ದಕ್ಷಿಣವಾಗಿ ಹೋಗುವವರಿಗೆ ಈ ತಲೆನೋವು ಅಷ್ಟಿಲ್ಲ. ಲಂಡನ್–ಜೋಹಾನ್ಸ್‌ಬರ್ಗ್ ಸುಮಾರು 9,000 ಕಿ.ಮೀ., ಹೋಗುವಾಗಲೂ ಬರುವಾಗಲೂ ಹನ್ನೊಂದು ಗಂಟೆಯ ಆಚೀಚೆ. ಹಾಗಾಗಿ ಹೋಲಿಕೆ ಮಾಡುವಾಗ ನಿಮ್ಮ ದಾರಿ ಯಾವ ದಿಕ್ಕಿಗೆ ಅಂತ ಮೊದಲು ನೋಡಿ. ಪೂರ್ವ ಪಶ್ಚಿಮ ಆದರೆ ಹೋಗುವ ಟಿಕೆಟ್ಟನ್ನೂ ಬರುವ ಟಿಕೆಟ್ಟನ್ನೂ ಬೇರೆ ಬೇರೆಯಾಗಿ ಹೋಲಿಸಬೇಕು. ಹೋಗುವಾಗ ನೇರ ವಿಮಾನ, ಬರುವಾಗ ನಡುವೆ ಇಳಿದು ಬರುವುದು ಅಂತ ಬೆರೆಸಿಕೊಂಡರೆ ಕೆಲವು ಸಲ ಎರಡೂ ಕಡೆ ಲಾಭ.

ದಾರಿ ಮುಚ್ಚಿದ್ದರೆ

ಗ್ರೇಟ್ ಸರ್ಕಲ್ ದೂರ ಹೇಳುವುದು ಭೂಮಿಯ ಆಕಾರವನ್ನು ಮಾತ್ರ, ದೇಶಗಳ ಗಡಿ ಅದಕ್ಕೆ ಗೊತ್ತಿಲ್ಲ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿ–ಟೋಕಿಯೊ ಅದಕ್ಕೆ ಮೊದಲು ಒಂಬತ್ತೂವರೆ ಗಂಟೆ ಆಸುಪಾಸಿನ ಹಾರಾಟ. ಆಮೇಲೆ ಸುಮಾರು ಹದಿಮೂರು ಗಂಟೆ ಆಯಿತು. ಎರಡು ನಗರಗಳೂ ಕದಲಲಿಲ್ಲ, ನೇರ ದೂರ ಒಂದು ಮೀಟರೂ ಬದಲಾಗಲಿಲ್ಲ, ಮೂರು ಗಂಟೆಗಿಂತ ಜಾಸ್ತಿ ಸಮಯ ಸೇರಿಕೊಂಡಿತು. ಅದೇ ಹೊತ್ತಿನಲ್ಲಿ ಆ ಆಕಾಶ ಬಳಸಲು ಅಡ್ಡಿ ಇಲ್ಲದ ಬೇರೆ ದೇಶದ ಕಂಪನಿಗಳು ಹಳೆ ದಾರಿಯಲ್ಲೇ ಹೋಗುತ್ತಿದ್ದವು. ಅಂದರೆ ಒಂದೇ ಜೋಡಿ ನಗರಗಳಿಗೆ ಎರಡು ಕಂಪನಿಗಳ ಸಮಯ ಗಂಟೆಗಟ್ಟಲೆ ಬೇರೆ ಇರಬಹುದು. ಹಳೆಯ ಪುಟದಲ್ಲಿ ಓದಿದ ಹಾರಾಟದ ಸಮಯವನ್ನು ನಂಬಬೇಡಿ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಟಿಬೆಟ್ ಪ್ರಸ್ಥಭೂಮಿಯ ಮೇಲೂ ಹೆಚ್ಚಿನ ವಿಮಾನಗಳು ನೇರ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ವಿಮಾನ ಬೇಗ ಕೆಳಗೆ, ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ.

ನೇರ ವಿಮಾನವೋ, ನಡುವೆ ಇಳಿಯುವುದೋ

ನಿಜವಾದ ಆಯ್ಕೆ ಬರುವುದು ಇಲ್ಲಿ. ದೂರದ ಅಂಕಿ ಕೆಲಸಕ್ಕೆ ಬರುವುದೂ ಇಲ್ಲೇ.

ಮೊದಲು ನೇರ ದೂರ ನೋಡಿ. ಆಮೇಲೆ ನಡುವಿನ ಊರಿನ ಎರಡು ತುಂಡುಗಳ ದೂರ ಕೂಡಿಸಿ. ಎಷ್ಟು ಜಾಸ್ತಿ ಆಯಿತು ಅನ್ನುವುದೇ ನಿಮ್ಮ ಅಳತೆಗೋಲು. ಸಿಡ್ನಿಯಿಂದ ಲಂಡನ್ನಿಗೆ ನೇರ ದೂರ ಸುಮಾರು 17,000 ಕಿ.ಮೀ. ಸಿಂಗಾಪುರದ ಮೇಲೆ ಹೋದರೆ 6,300 ಮತ್ತು 10,900, ಒಟ್ಟು ಸುಮಾರು 17,200. ಅಂದರೆ ಸುತ್ತು ಇಲ್ಲವೇ ಇಲ್ಲ ಅನ್ನಬಹುದು, ಸಿಂಗಾಪುರ ಹೆಚ್ಚುಕಡಿಮೆ ದಾರಿಯಲ್ಲೇ ಇದೆ. ದುಬೈ ಮೇಲೆ ಹೋದರೆ ಸುಮಾರು 17,500, ಅದೂ ಪರವಾಗಿಲ್ಲ. ಪರ್ತ್‌ನಲ್ಲಿ ಇಳಿದು ಅಲ್ಲಿಂದ ಲಂಡನ್ನಿಗೆ ಒಂದೇ ಹಾರಾಟದಲ್ಲಿ ಹೋಗಬಹುದು, ಆ ನೇರ ವಿಮಾನ 2018ರ ಮಾರ್ಚಿನಲ್ಲಿ ಶುರುವಾಯಿತು, ಎರಡನೇ ತುಂಡೇ 14,500 ಕಿ.ಮೀ., ಒಟ್ಟು 17,800 ಹತ್ತಿರ. ಲಾಸ್ ಏಂಜಲೀಸ್ ಮೇಲೆ ಹೋದರೆ ಮಾತ್ರ 20,800 ಆಗುತ್ತದೆ. ಅಂಥ ಟಿಕೆಟ್ ಅಗ್ಗಕ್ಕೆ ಸಿಕ್ಕಿದರೂ ಎರಡು ಸಲ ಯೋಚಿಸಿ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಿದ್ದರೂ ಇಮಿಗ್ರೇಷನ್ ದಾಟಲೇಬೇಕು, ಬೇಕಾದವರಿಗೆ ವೀಸಾ ಕೂಡ ಇರಬೇಕು.

ನಾನು ಇಟ್ಟುಕೊಂಡಿರುವ ಗೆರೆ ಹೀಗಿದೆ. ಸುತ್ತು ನೇರ ದೂರದ ನೂರಕ್ಕೆ ಹತ್ತರೊಳಗೆ ಇದ್ದರೆ ನಡುವಿನ ಊರು ದಾರಿಯಲ್ಲೇ ಇದೆ ಅಂತ ಲೆಕ್ಕ, ಆಗ ಬೇರೆ ವಿಷಯ ನೋಡಿ ತೀರ್ಮಾನ ಮಾಡುತ್ತೇನೆ. ಹತ್ತರಿಂದ ಇಪ್ಪತ್ತೈದು ಇದ್ದರೆ ಟಿಕೆಟ್ ಒಳ್ಳೆ ಅಗ್ಗ ಇರಬೇಕು ಅಥವಾ ಹೊರಡುವ ತಲುಪುವ ಹೊತ್ತು ಅನುಕೂಲ ಇರಬೇಕು. ದೆಹಲಿಯಿಂದ ಲಂಡನ್ನಿಗೆ ದುಬೈ ಮೇಲೆ ಹೋಗುವುದು ಈ ಎರಡನೇ ಗುಂಪಿಗೆ ಬರುತ್ತದೆ, ಇಸ್ತಾಂಬುಲ್ ಮೇಲೆ ಹೋದರೆ ಮೊದಲನೇ ಗುಂಪು. ಅದಕ್ಕೂ ಮೀರಿದರೆ ಬಿಟ್ಟುಬಿಡುತ್ತೇನೆ.

ಆದರೆ ದೂರ ಹೊಂದಿತು ಅಂದ ಮಾತ್ರಕ್ಕೆ ಸಮಯ ಹೊಂದುವುದಿಲ್ಲ. ಒಂದು ಸಲ ಇಳಿದು ಏರುವುದಕ್ಕೆ, ಎಷ್ಟೇ ಬಿಗಿಯಾಗಿ ಲೆಕ್ಕ ಹಾಕಿದರೂ, ಎರಡು ಗಂಟೆ ಕೈಬಿಡುತ್ತದೆ. ಇಳಿಯಲು ನಿಧಾನ ಮಾಡಬೇಕು, ಗೇಟಿಗೆ ಬರಬೇಕು, ಮತ್ತೆ ಸೆಕ್ಯುರಿಟಿ, ಮತ್ತೆ ಬೋರ್ಡಿಂಗ್, ಮತ್ತೆ ಮೇಲೆ ಏರುವುದು. ಏರುವಾಗ ಇಂಧನವೂ ಜಾಸ್ತಿ ಸುಡುತ್ತದೆ. ಹಾಗಾಗಿ 3,000–4,000 ಕಿ.ಮೀ. ಒಳಗಿನ ಪ್ರಯಾಣಕ್ಕೆ ನೇರ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ ಅಂತ ನಾನು ಕಣ್ಣು ಮುಚ್ಚಿ ಹೇಳುತ್ತೇನೆ. ನಾಲ್ಕು ಗಂಟೆಯ ಕೆಲಸವನ್ನು ಎಂಟು ಗಂಟೆ ಮಾಡಿಕೊಳ್ಳುವುದರಲ್ಲಿ ಏನೂ ಸುಖ ಇಲ್ಲ.

14,000 ಕಿ.ಮೀ. ಮೇಲಿನ ದೂರದಲ್ಲಿ ನನ್ನ ಅಭಿಪ್ರಾಯ ಬದಲಾಗುತ್ತದೆ. ಅಲ್ಲಿ ನೇರ ವಿಮಾನ ಅಂದರೆ ಹದಿನಾರು, ಹದಿನೆಂಟು ಗಂಟೆ ಒಂದೇ ಸೀಟು. ಸಿಂಗಾಪುರ–ನ್ಯೂಯಾರ್ಕ್ ದಾರಿಗೆ ಅಂತಲೇ ಹೊಂದಿಸಿದ ಏರ್‌ಬಸ್ ಎ350 ವಿಮಾನಗಳಲ್ಲಿ ಎಕಾನಮಿ ಕ್ಲಾಸೇ ಇಲ್ಲ, ಬಿಸಿನೆಸ್ ಮತ್ತು ಪ್ರೀಮಿಯಂ ಎಕಾನಮಿ ಮಾತ್ರ. ಅಷ್ಟು ದೂರಕ್ಕೆ ಬೇಕಾದ ಇಂಧನ ಹೊರಬೇಕಾದರೆ ಜನರನ್ನು ಕಮ್ಮಿ ಮಾಡಲೇಬೇಕು. ಬೆನ್ನುನೋವು ಇರುವವರು, ವಯಸ್ಸಾದ ಅಪ್ಪ ಅಮ್ಮನ್ನ ಕರೆದುಕೊಂಡು ಹೋಗುವವರು, ಪುಟ್ಟ ಮಕ್ಕಳಿರುವವರು ನಡುವೆ ಎರಡು ಮೂರು ಗಂಟೆ ಇಳಿದು ಕಾಲು ಆಡಿಸಿ ಹೋಗುವುದೇ ಮೇಲು. ಒಬ್ಬರೇ ಹೋಗುವ, ಸೀಟಿನಲ್ಲಿ ಚೆನ್ನಾಗಿ ನಿದ್ದೆ ಬರುವ ಜನ ನೇರ ವಿಮಾನದಲ್ಲೇ ಹೋಗಲಿ.

ಕಾಯುವ ಹೊತ್ತು ಎಷ್ಟಿರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಪ್ರತಿ ಏರ್‌ಪೋರ್ಟಿಗೂ ಒಂದು ಕನಿಷ್ಠ ಕನೆಕ್ಷನ್ ಸಮಯ ಗೊತ್ತು ಮಾಡಿರುತ್ತಾರೆ, ಒಂದೇ ಟಿಕೆಟ್ಟಿನಲ್ಲಿ ಬುಕ್ ಮಾಡಿದರೆ ಅದಕ್ಕಿಂತ ಕಮ್ಮಿ ಸಮಯದ ಜೋಡಿಯನ್ನು ಮಾರುವುದಿಲ್ಲ. ಆದರೆ ಕನಿಷ್ಠ ಅಂದರೆ ಎಲ್ಲವೂ ಸರಿಹೋದರೆ ಸಾಕಾಗುವಷ್ಟು, ಅಷ್ಟೇ. ನನ್ನ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಎರಡರಿಂದ ಮೂರು ಗಂಟೆ ಒಳ್ಳೆಯದು. ಐದು ಗಂಟೆ ಮೀರಿದರೆ ಅದು ಪ್ರಯಾಣದ ಸಮಯ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು. ಎರಡನೇ ವಿಮಾನ ಆ ದಿನದ ಕೊನೆಯದಾ ಅಂತ ಖಂಡಿತ ನೋಡಿ. ಕೊನೆಯದು ತಪ್ಪಿದರೆ ಮುಂದಿನದು ನಾಳೆ ಬೆಳಿಗ್ಗೆಯೇ. ಸಿಡ್ನಿಯ ಮುಖ್ಯ ಏರ್‌ಪೋರ್ಟಿನಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರ ತನಕ ಮಾಮೂಲಿ ವಿಮಾನಗಳ ಓಡಾಟ ನಿಲ್ಲಿಸುತ್ತಾರೆ, ಫ್ರಾಂಕ್‌ಫರ್ಟಿನಲ್ಲೂ ರಾತ್ರಿ ನಿರ್ಬಂಧ ಇದೆ.

ಮತ್ತೆ, ದಯವಿಟ್ಟು, ಎರಡು ತುಂಡನ್ನು ಬೇರೆ ಬೇರೆ ಟಿಕೆಟ್ಟಾಗಿ ತಗೊಳ್ಳುವ ಮೊದಲು ಒಂದು ನಿಮಿಷ ನಿಲ್ಲಿ. ಒಂದೇ ಬುಕಿಂಗ್ ಆಗಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನದರಲ್ಲಿ ಕೂರಿಸುವ ಜವಾಬ್ದಾರಿ ಕಂಪನಿಯದು. ಬೇರೆ ಬೇರೆ ಆಗಿದ್ದರೆ ಎರಡನೇ ಕಂಪನಿಯ ಕಣ್ಣಿಗೆ ನೀವು ಸುಮ್ನೆ ಬರದೇ ಹೋದ ಪ್ರಯಾಣಿಕ. ಬ್ಯಾಗನ್ನೂ ನೀವೇ ತಗೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಯುರೋಪ್ ಒಕ್ಕೂಟದಲ್ಲಿ ತಡಕ್ಕೆ ಪರಿಹಾರ ಕೊಡುವ ಕಾನೂನು ಇದೆ. ಕಂಪನಿಯ ಕೈಮೀರಿದ ಕಾರಣ ಅಲ್ಲದೆ ಮೂರು ಗಂಟೆ ಅಥವಾ ಜಾಸ್ತಿ ತಡವಾದರೆ ಅನ್ವಯಿಸುತ್ತದೆ. ಮೊತ್ತ ನಿರ್ಧಾರ ಆಗುವುದು 1,500 ಮತ್ತು 3,500 ಕಿ.ಮೀ. ಅನ್ನುವ ಗೆರೆಗಳ ಮೇಲೆ. ಆ ದೂರವನ್ನು ಅಳೆಯುವುದು ಇದೇ ಗ್ರೇಟ್ ಸರ್ಕಲ್ ಲೆಕ್ಕದಲ್ಲಿ, ಹೊರಟ ಊರಿನಿಂದ ಕೊನೆಯ ಊರಿಗೆ ನೇರವಾಗಿ. ನಡುವೆ ಎಷ್ಟು ಸುತ್ತಿದಿರಿ ಅನ್ನುವುದು ಲೆಕ್ಕಕ್ಕಿಲ್ಲ.

ಯಾವ ಏರ್‌ಪೋರ್ಟ್ ಅಂತಲೂ ನೋಡಿ

ನಗರದ ಹೆಸರು ಒಂದೇ, ಇಳಿಯುವ ಜಾಗ ಬೇರೆ. ಟೋಕಿಯೊದ ಹನೇಡಾ ಊರಿನ ಮಧ್ಯದಿಂದ ಸುಮಾರು 15 ಕಿ.ಮೀ., ನರಿಟಾ ಸುಮಾರು 60. ಮಿಲಾನ್‌ನ ಲಿನಾಟೆ ಊರಿಗೆ ಅಂಟಿಕೊಂಡಿದೆ, ಮಾಲ್ಪೆನ್ಸಾ 50 ಕಿ.ಮೀ. ಹತ್ತಿರ. ಪ್ಯಾರಿಸ್ ಹೆಸರಿನಲ್ಲಿ ಟಿಕೆಟ್ ಮಾರುವ ಬೋವೇ ಏರ್‌ಪೋರ್ಟ್ ನಗರದಿಂದ 80 ಕಿ.ಮೀ. ಮೇಲೆ ಇದೆ. ಫ್ರಾಂಕ್‌ಫರ್ಟ್-ಹಾನ್ ಅಂತೂ ಫ್ರಾಂಕ್‌ಫರ್ಟಿನಿಂದ ನೂರು ಕಿಲೋಮೀಟರಿಗೂ ಆಚೆ. ಅಗ್ಗದ ವಿಮಾನ ಅಂತ ಕಂಡದ್ದಕ್ಕೆ ಬಸ್ಸಿನ ಒಂದೂವರೆ ಗಂಟೆ ಮತ್ತು ಬಸ್ಸಿನ ಟಿಕೆಟ್ ಸೇರಿಸಿ ನೋಡಿದರೆ ಬಹಳ ಸಲ ಅಗ್ಗ ಉಳಿಯುವುದೇ ಇಲ್ಲ. ಲಂಡನ್ನಿನಲ್ಲಿ ಹೀಥ್ರೂನಲ್ಲಿ ಇಳಿದು ಗ್ಯಾಟ್‌ವಿಕ್‌ನಲ್ಲಿ ಏರುವ ಕನೆಕ್ಷನ್ ಸಿಕ್ಕಿದರೆ ಕಾಯುವ ಸಮಯ ಐದು ಗಂಟೆ ಇದ್ದರೂ ಕಮ್ಮಿ ಅಂತಲೇ ತಿಳಿಯಿರಿ.

ರೈಲು ಇದ್ದರೆ

ಹಾರಾಟ ಒಂದು ಗಂಟೆ ಅಂದ ತಕ್ಷಣ ವಿಮಾನ ಗೆದ್ದಿತು ಅಂದುಕೊಳ್ಳಬೇಡಿ. ಏರ್‌ಪೋರ್ಟ್ ಮುಟ್ಟಲು, ಮುಂಚೆ ಹೋಗಿ ಕಾಯಲು, ಇಳಿದ ಮೇಲೆ ಬ್ಯಾಗ್ ತಗೊಂಡು ಊರೊಳಗೆ ಬರಲು, ಎಲ್ಲಾ ಸೇರಿ ದೇಶದೊಳಗಿನ ಪ್ರಯಾಣಕ್ಕೆ ಮೂರು ಗಂಟೆ, ಹೊರದೇಶಕ್ಕೆ ನಾಲ್ಕು ಅಥವಾ ಜಾಸ್ತಿ ಸೇರಿಸಲೇಬೇಕು. ಹಾಗೆ ಸೇರಿಸಿದ ಮೇಲೆ ಮ್ಯಾಡ್ರಿಡ್–ಬಾರ್ಸಿಲೋನಾ ನೋಡಿ. ಆಕಾಶದಲ್ಲಿ 500 ಕಿ.ಮೀ.ಗೂ ಕಮ್ಮಿ, ಹಳಿಯ ಮೇಲೆ 620. ವಿಮಾನಕ್ಕೆ ಒಂದೂಕಾಲು ಗಂಟೆ, 2008ರಲ್ಲಿ ಪೂರ್ತಿಯಾದ ವೇಗದ ಹಳಿಯಲ್ಲಿ ರೈಲಿಗೆ ಎರಡೂವರೆ. ಸ್ಟೇಷನ್ ಮುಟ್ಟಿ ರೈಲು ಹತ್ತಲು ಮುಕ್ಕಾಲು ಗಂಟೆ ಹಿಡಿದರೂ ಒಟ್ಟು ಲೆಕ್ಕದಲ್ಲಿ ರೈಲು ಒಂದು ಗಂಟೆ ಮುಂದೆ. ಟೋಕಿಯೊ–ಒಸಾಕಾ ಕೂಡ ಹಾಗೇ, ಶಿಂಕಾನ್ಸೆನ್ ಅನ್ನುವ ಜಪಾನಿನ ವೇಗದ ರೈಲು ಸುಮಾರು 515 ಕಿ.ಮೀ. ದೂರವನ್ನು ಎರಡೂವರೆ ಗಂಟೆಯೊಳಗೆ ಮುಗಿಸುತ್ತದೆ. ಫ್ರಾನ್ಸ್ ದೇಶ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಹೋಗಬಹುದಾದ ಕೆಲವು ಒಳನಾಡಿನ ದಾರಿಗಳಲ್ಲಿ ವಿಮಾನವನ್ನೇ ನಿಲ್ಲಿಸಿತು, ಪ್ಯಾರಿಸ್‌ನ ಓರ್ಲಿಯಿಂದ ಲಿಯಾನ್, ಬೋರ್ಡೊ, ನಾಂತ್‌ಗೆ ಹೋಗುತ್ತಿದ್ದವು ಅವು.

ಬೀಜಿಂಗ್–ಶಾಂಘೈ ಸರಿಸಮದ ಜಾಗ. ಹಳಿಯ ಉದ್ದ 1,318 ಕಿ.ಮೀ., ಅತಿ ವೇಗದ ರೈಲಿಗೆ ನಾಲ್ಕೂಕಾಲು ಗಂಟೆ ಚಿಲ್ಲರೆ, ವಿಮಾನಕ್ಕೆ ಎರಡೂಕಾಲು. ವಿಮಾನಕ್ಕೆ ಮೂರು ಗಂಟೆ, ರೈಲಿಗೆ ಮುಕ್ಕಾಲು ಗಂಟೆ ಸೇರಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಅಂಥ ಕಡೆ ನಾನು ರೈಲಿನ ಪಕ್ಷ. ನಾಲ್ಕು ಗಂಟೆ ಒಂದೇ ಕಡೆ ಕೂತು ಓದಬಹುದು, ಕೆಲಸ ಮಾಡಬಹುದು, ನಿದ್ದೆ ಮಾಡಬಹುದು. ವಿಮಾನದ ಐದು ಗಂಟೆ ತುಂಡು ತುಂಡಾಗಿ ಒಡೆದಿರುತ್ತದೆ, ಒಂದು ತುಂಡಿನಲ್ಲೂ ಏನೂ ಆಗುವುದಿಲ್ಲ. ವೇಗದ ರೈಲಿಲ್ಲದ ಕಡೆ ಈ ಮಾತು ನಡೆಯುವುದಿಲ್ಲ. ಸಿಡ್ನಿ–ಮೆಲ್ಬರ್ನ್ ರೈಲಿಗೆ ಹನ್ನೊಂದು ಗಂಟೆ ಬೇಕು, ರಸ್ತೆಯಲ್ಲಿ ಒಂಬತ್ತು. ಅಲ್ಲಿ ವಿಮಾನವೇ.

ಗಡಿಯಾರದ ಲೆಕ್ಕ

ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಎರಡನ್ನೂ ನೇರ ಕಳೆದರೆ ಹಾರಾಟದ ಸಮಯ ಸಿಗುವುದಿಲ್ಲ. ಚಳಿಗಾಲದಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟು ಹತ್ತು ಗಂಟೆ ಹಾರಿದರೆ ಲಾಸ್ ಏಂಜಲೀಸಿನಲ್ಲಿ ಅದೇ ದಿನ ಬೆಳಿಗ್ಗೆ 10, ಅಂದರೆ ಹೊರಟದ್ದಕ್ಕಿಂತ ಮೊದಲೇ ತಲುಪಿದ ಹಾಗೆ ಕಾಣುತ್ತದೆ. ಎರಡು ಸಮಯವನ್ನೂ ಯುಟಿಸಿಗೆ, ಅಂದರೆ ಎಲ್ಲಾ ದೇಶಗಳ ಗಡಿಯಾರಕ್ಕೂ ಆಧಾರವಾದ ಲೋಕದ ಸಮಯಕ್ಕೆ, ಬದಲಿಸಿ ಆಮೇಲೆ ಕಳೆಯಿರಿ. ಭಾರತದ ಐದೂವರೆ, ನೇಪಾಳದ ಐದೂಮುಕ್ಕಾಲು ಗಂಟೆಯ ವ್ಯತ್ಯಾಸದಲ್ಲಿ ಆ ಅರ್ಧ, ಮುಕ್ಕಾಲು ಮರೆಯುವವರು ತುಂಬಾ ಜನ. ಮಾರ್ಚ್ ತಿಂಗಳಲ್ಲಿ ಇನ್ನೂ ಎಚ್ಚರ ಬೇಕು. ಅಮೆರಿಕ ಎರಡನೇ ಭಾನುವಾರ ಗಡಿಯಾರ ಮುಂದೆ ಮಾಡುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎರಡರ ವ್ಯತ್ಯಾಸ ಒಂದು ಗಂಟೆ ಬೇರೆ ಇರುತ್ತದೆ.

ಎರಡು ಟಿಕೆಟ್ ಬೇರೆಲ್ಲದರಲ್ಲೂ ಸಮ ಇದ್ದರೆ ತಲುಪುವ ಹೊತ್ತು ನೋಡಿ ಆರಿಸಿ. ಪೂರ್ವಕ್ಕೆ ಹೋಗುವಾಗ ದೇಹ ಹೊಂದಿಕೊಳ್ಳುವುದು ಕಷ್ಟ, ಯಾಕೆಂದರೆ ನಮ್ಮೊಳಗಿನ ಗಡಿಯಾರದ ದಿನ 24 ಗಂಟೆಗಿಂತ ಸ್ವಲ್ಪ ಉದ್ದ, ಅದನ್ನು ಎಳೆಯುವುದು ಸುಲಭ, ಕುಗ್ಗಿಸುವುದು ಕಷ್ಟ. ಹಾಗಾಗಿ ಮರುದಿನವೇ ಮುಖ್ಯ ಕೆಲಸ ಇದ್ದರೆ ಪೂರ್ವಕ್ಕೆ ಹೋಗುವವರು ಒಂದು ದಿನ ಮುಂಚಿನ ವಿಮಾನ ಹಿಡಿಯಲಿ.

ಕೊನೆಯದಾಗಿ ಮಾಡಬೇಕಾದ ಒಂದು ಕೆಲಸ ಇದೆ, ಐದು ನಿಮಿಷ ಸಾಕು. ಆರಿಸಿದ ಫ್ಲೈಟ್ ನಂಬರನ್ನು ವಿಮಾನಗಳ ಓಡಾಟ ತೋರಿಸುವ ವೆಬ್‌ಸೈಟುಗಳಾದ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ಹಾಕಿ, ಹಿಂದಿನ ಕೆಲವು ದಿನ ಅದು ನಿಜಕ್ಕೂ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು, ಯಾವ ದಾರಿ ಹಿಡಿಯಿತು ಅಂತ ನೋಡಿ. ವೇಳಾಪಟ್ಟಿಗಳು ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಬದಲಾಗುತ್ತವೆ, ಹಾಗಾಗಿ ನೋಡುವ ದಿನಗಳು ನೀವು ಹೋಗುವ ಋತುವಿನವೇ ಆಗಿರಲಿ. ದಿನಾ ನಲವತ್ತು ನಿಮಿಷ ತಡವಾಗಿ ಇಳಿಯುವ ವಿಮಾನದ ಹಿಂದೆ ಒಂದು ಗಂಟೆಯ ಕನೆಕ್ಷನ್ ಇಟ್ಟಿದ್ದರೆ ಆ ಟಿಕೆಟ್ ಬಿಟ್ಟು ಮುಂದಿನದನ್ನು ನೋಡಿ.